ಬದನೆಯ ಬಳಗವನ್ನು ಬಿಟ್ಟ ಅಡುಗೆಮನೆ

ಎಳ್ಳು ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಮನೆಯವರು, ಬೀಗರು, ನೆರೆಹೊರೆಯವರೆಲ್ಲ ಗಿಡದ ನೆರಳಿನಲ್ಲಿ ಸಾಲಾಗಿ ಕುಳಿತು ಉಣ್ಣುವ ಸುಖವನ್ನು ನಮ್ಮ ಉತ್ತರ ಕರ್ನಾಟಕದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಹೋಳಿಗೆ, ಕೆಂಪು ರಂಜಕ, ಗಡಿಗೆಯ ಮೊಸರು. ನಾಲ್ಕು ವರ್ಷಗಳ ಹಿಂದೆ ಅಂತಹ ಒಂದು ಪಂಕ್ತಿಯಲ್ಲಿ, ಮದುವೆಯಾಗಿ ಬಂದು ಏಳು ತಿಂಗಳಾಗಿದ್ದ ನಮ್ಮ ಸೊಸೆ ರೊಟ್ಟಿಗೆ ಬರಿಯ ಮೊಸರನ್ನು ಹಚ್ಚಿಕೊಂಡು ಉಣ್ಣುತ್ತಿದ್ದಳು. ಬಂಧುಗಳಲ್ಲಿ ಹಿರಿಯರೊಬ್ಬರು ಅದನ್ನು ಗಮನಿಸಿ, “ಯಾಕವ್ವಾ, ನಮ್ಮ ಎಣ್ಣಿಗಾಯಿ ರುಚಿ ಇಲ್ಲೇನು?” ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿದಳು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: “ಪಟ್ಟಣದಾಗ ಬೆಳದಾಕಿ, ನಖರಾ ಭಾಳ” ಎಂದು ನಾನೇ ನಕ್ಕು ಹೇಳಿಬಿಟ್ಟೆ. ಅವಳು ಮರುಮಾತಾಡದೆ ಎರಡು ಬದನೆಕಾಯಿಗಳನ್ನು ಎಡೆಗೆ ಹಾಕಿಸಿಕೊಂಡು ತಿಂದಳು. ನಾವು ಚಕ್ಕಡಿ ಏರಿ ಮನೆ ಸೇರುವಷ್ಟರಲ್ಲಿ ಅವಳ ತುಟಿಗಳು ಊದಿಕೊಂಡಿದ್ದವು. ಕೊರಳ ಸುತ್ತ ಕೆಂಪು ದದ್ದುಗಳೆದ್ದಿದ್ದವು.

ರಾತ್ರಿ ವೈದ್ಯರಲ್ಲಿಗೆ ಹೋಗಿ ಬಂದ ಮೇಲೆ ಅವಳು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. “ತಿಂದ ಕೂಡ್ಲೇ ಬಾಯಿ ತುರಸತೈತ್ರಿ ಅತ್ತಿಯವರ. ಹೇಳಿದ್ರ ನೀವೇನ ತಿಳಕೋತೀರಿ ಅಂತ ಸುಮ್ಮನಿದ್ದೆರಿ.” ಏಳು ತಿಂಗಳು! ನಮ್ಮ ಮನೆತನಗಳಲ್ಲಿ ಎಡೆಗೆ ಬಂದದ್ದು ಪ್ರಸಾದ, ಅದನ್ನು ಬಿಡಬಾರದು, ಚೆಲ್ಲಬಾರದು ಎಂದು ಚಿಕ್ಕಂದಿನಿಂದ ಕಲಿಸುತ್ತೇವೆ. ಒಳ್ಳೆಯ ನಿಯಮವೇ ಸರಿ. ಆದರೆ ಅದೇ ನಿಯಮವು ಬಾಯಿ ಬಿಟ್ಟು ಹೇಳಲಾರದ ಸೊಸೆಯೊಬ್ಬಳಿಗೆ ಹೇಗೆ ಬೋನಾಗಬಲ್ಲುದೆಂಬುದು ನನಗೆ ಆ ರಾತ್ರಿಯವರೆಗೆ ಹೊಳೆದಿರಲಿಲ್ಲ.

ವೈದ್ಯರು ವಿವರವಾಗಿ ವಿಚಾರಿಸಿದಾಗ ಬದನೆಕಾಯಿಯಷ್ಟೇ ಅಲ್ಲ, ಟೊಮೆಟೊ ಹಾಕಿದ ಸಾರು, ಹಸಿಮೆಣಸಿನಕಾಯಿಯ ಚಟ್ನಿ ಇವೂ ಅವಳಿಗೆ ಆಗಿಬರುವುದಿಲ್ಲವೆಂದು ತಿಳಿಯಿತು. ಇವೆಲ್ಲ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಸಸ್ಯಶಾಸ್ತ್ರಜ್ಞರು ಸೊಲಾನೇಸೀ ಎಂದೂ, ಇಂಗ್ಲಿಷಿನಲ್ಲಿ ಸಾಮಾನ್ಯರು ನೈಟ್‌ಶೇಡ್ ಎಂದೂ ಕರೆಯುವ ಈ ಕುಟುಂಬವನ್ನು ನಾವು ಬದನೆಯ ಬಳಗವೆನ್ನೋಣ. ಬದನೆಕಾಯಿ, ಟೊಮೆಟೊ, ಆಲೂಗಡ್ಡೆ, ಹಸಿ ಮತ್ತು ಒಣ ಮೆಣಸಿನಕಾಯಿ, ದೊಣ್ಣೆಮೆಣಸಿನಕಾಯಿ, ಸುಂಡೆಕಾಯಿ, ಗಣಿಕೆ ಸೊಪ್ಪು ಇವು ಅಡುಗೆಮನೆಗೆ ಬರುವ ಬಂಧುಗಳು. ನಿಪ್ಪಾಣಿ ಸೀಮೆಯ ತಂಬಾಕೂ, ಶಿವನಿಗೆ ಏರಿಸುವ ಉಮ್ಮತ್ತಿಯ ಹೂವೂ ಇದೇ ಬಳಗದವು. ಉಮ್ಮತ್ತಿಯಂತೂ ವಿಷ, ಅದರ ಮಾತು ಬೇಡ. ಆರು ವಾರಗಳ ಕಾಲ ತಿನ್ನುವ ವಸ್ತುಗಳಲ್ಲಿ ಈ ಬಳಗವನ್ನು ಸಂಪೂರ್ಣ ಬಿಡಬೇಕು, ಅನಂತರ ತಮ್ಮ ಕಣ್ಣೆದುರಿನಲ್ಲೇ ಒಂದೊಂದನ್ನಾಗಿ ತಿನ್ನಿಸಿ ನೋಡಬೇಕು ಎಂದು ವೈದ್ಯರು ಹೇಳಿದರು.

ಹೆಸರು ಕೇಳಿ ಮೋಸಹೋಗಬಾರದು. ಸೀಮೆಬದನೆಗೆ ಬದನೆಯೆಂಬ ಹೆಸರಿದ್ದರೂ ಅದು ಸೌತೆ, ಹೀರೆಗಳ ಕುಟುಂಬದ್ದು, ಧಾರಾಳವಾಗಿ ತಿನ್ನಬಹುದು. ಗೆಣಸು ಆಲೂಗಡ್ಡೆಯ ನಂಟಲ್ಲ. ಕಾಳುಮೆಣಸಿಗೂ ಮೆಣಸಿನಕಾಯಿಗೂ ಹೆಸರಿನ ಸಂಬಂಧವೇ ಹೊರತು ರಕ್ತಸಂಬಂಧವಿಲ್ಲ.

ಇಷ್ಟನ್ನು ಮನೆಯಲ್ಲಿ ಹೇಳಿದಾಗ ಮೊದಲು ತಿರುಗಿಬಿದ್ದವರು ಎಂಬತ್ತು ದಾಟಿದ ನನ್ನ ಅತ್ತೆಯವರು. “ಮೆಣಸಿನಕಾಯಿ ಇಲ್ಲದ ಪಲ್ಯಾ ಯಾವ ಸೀಮಿ ಪಲ್ಯಾನವ್ವಾ?” ಎಂದರು. ಅವರ ಮಾತಿಗೆ ಅಂಜಿ ನಾನು ಎಲ್ಲರೂ ಮಾಡುವಂತೆಯೇ ಮಾಡಿದೆ: ಸೊಸೆಗೆ ಬೇರೆ ಪಾತ್ರೆ, ಬೇರೆ ಅಡುಗೆ. ಉಳಿದವರಿಗೆ ಎಂದಿನ ಊಟ. ಅವಳಿಗೆ ಬಾಣಂತಿಯ ಪಥ್ಯದಂತಹ ಸಪ್ಪೆ ಬೇಳೆ. ಹದಿನೈದು ದಿನಗಳಲ್ಲಿ ಹುಡುಗಿ ಎಲ್ಲರ ಊಟ ಮುಗಿದ ಮೇಲೆ ಒಬ್ಬಳೇ ಕುಳಿತು ಉಣ್ಣತೊಡಗಿದಳು. ಒಂದೇ ಮನೆಯಲ್ಲಿ ಎರಡು ಪಂಕ್ತಿ! ಪಂಕ್ತಿಭೇದ ಸಲ್ಲದೆಂದು ಹೇಳುವ ಮನೆತನದಲ್ಲಿ ಹುಟ್ಟಿದ ನನಗೆ ಅದನ್ನು ನೋಡಿ ಊಟ ಸೇರಲಿಲ್ಲ. ಆಗ ತಲೆಕೆಳಗು ಮಾಡಿದೆ. ಮನೆಯ ದೊಡ್ಡ ಪಾತ್ರೆಯ ಅಡುಗೆಯೇ ಬದನೆಯ ಬಳಗವಿಲ್ಲದ ಅಡುಗೆ. ಖಾರ ಬೇಕೆನ್ನುವವರು ರಂಜಕದ ಭರಣಿಯಿಂದ ಬೇಕಾದಷ್ಟು ಬಡಿಸಿಕೊಳ್ಳಲಿ. ಒಬ್ಬಳನ್ನು ಬೇರೆ ಮಾಡುವ ಬದಲು ಒಂದು ಭರಣಿಯನ್ನು ಬೇರೆ ಇಟ್ಟೆವು, ಅಷ್ಟೇ.

ಮೆಣಸಿನಕಾಯಿಗೆ ಮುನ್ನ

ಅತ್ತೆಯವರ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಒಂದು ಸೋಜಿಗ ತಿಳಿಯಿತು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಈ ಮೂರೂ ನಮ್ಮ ದೇಶದವಲ್ಲ. ಇವುಗಳ ತವರು ಅಮೆರಿಕ ಖಂಡ. ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಬೆಳೆ. ಕೊಲಂಬಸನು 1492ರಲ್ಲಿ ಅತ್ತ ಹಡಗು ನಡೆಸಿದ ಮೇಲೆಯೇ ಇವು ಹೊರಜಗತ್ತಿಗೆ ಕಂಡದ್ದು. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದಿಳಿದ ಮೇಲೆ ಪೋರ್ಚುಗೀಸರು ಮೆಣಸಿನಕಾಯಿಯನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅವರು ಬಂದದ್ದಾದರೂ ಏತಕ್ಕೆ? ನಮ್ಮ ಕಾಳುಮೆಣಸಿಗಾಗಿ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ರಾಣಿ ಚೆನ್ನಭೈರಾದೇವಿಯನ್ನು ಅವರು ಕರೆಯುತ್ತಿದ್ದುದೇ ಮೆಣಸಿನ ರಾಣಿಯೆಂದು. ಮೆಣಸನ್ನು ಒಯ್ಯಲು ಬಂದವರು ಮೆಣಸಿನಕಾಯಿಯನ್ನು ಬಿಟ್ಟುಹೋದರು. ನಮ್ಮವರು ಆ ಹೊಸ ಕಾಯಿಯ ಖಾರವನ್ನು ಕಂಡು, ಮೆಣಸಿನಂತೆ ಖಾರವಾದ ಕಾಯಿ ಎಂದು ಹೆಸರಿಟ್ಟರು. ಹಳೆಯ ಕಥೆಯೆಲ್ಲ ಆ ಹೆಸರಿನಲ್ಲಿಯೇ ಅಡಗಿದೆ.

ಹಾಗಾದರೆ 12ನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ದಾಸೋಹದಲ್ಲಿ ಬಡಿಸಿದ ಯಾವ ಪಲ್ಯದಲ್ಲಿಯೂ ಮೆಣಸಿನಕಾಯಿ ಇದ್ದಿರಲಾರದು, ಯಾವ ಸಾರಿನಲ್ಲಿಯೂ ಟೊಮೆಟೊ ಇದ್ದಿರಲಾರದು. ಅಂದಿನವರಿಗೆ ಖಾರಕ್ಕೆ ಕಾಳುಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆ. ಹುಳಿಗೆ ಹುಣಸೆ, ಮಾವು, ನೆಲ್ಲಿ, ಮಜ್ಜಿಗೆ. ಬಳಗದ ಮುಖ್ಯ ನಾಲ್ಕರಲ್ಲಿ ಬದನೆಯೊಂದು ಮಾತ್ರ ನಮ್ಮ ಕಡೆಯ ಹಳೆಯ ಒಕ್ಕಲು. ಮೂರನೆಯ ಮಂಗರಸನು 16ನೆಯ ಶತಮಾನದ ಆದಿಯಲ್ಲಿ ರಚಿಸಿದ ಸೂಪಶಾಸ್ತ್ರದಲ್ಲಿ ಬದನೆಕಾಯಿಯ ಪಾಕಗಳಿಗೆ ವಿಸ್ತಾರವಾದ ಸ್ಥಾನವಿದೆ. ಬದನೆ ಬಿಡುವುದು ಕಷ್ಟವೆನಿಸಿದರೆ ಅದಕ್ಕೆ ಕಾರಣವುಂಟು. ಉಳಿದ ಮೂರರ ವಿಷಯದಲ್ಲಿ ನಾವು ಅಜ್ಜಿಯರ ಅಜ್ಜಿಯರ ಅಡುಗೆಗೆ ಮರಳುತ್ತಿದ್ದೇವಷ್ಟೆ.

ಇದನ್ನೆಲ್ಲ ಅತ್ತೆಯವರಿಗೆ ಹೇಳಿದೆ. ಅವರು ಕೇಳಿಸಿಕೊಂಡು, “ಕಲ್ಯಾಣದಾಗ ಏನ ಉಂಡ್ರೋ ನಾ ಕಾಣೆ, ನನಗ ರೊಟ್ಟಿಗೆ ಹಚ್ಚಿಕೊಳ್ಳಾಕ ಏನರ ಖಾರಂದು ಕೊಡು” ಎಂದರು. ಚರಿತ್ರೆಯಿಂದ ಹೊಟ್ಟೆ ತುಂಬುವುದಿಲ್ಲ.

ಖಾರದ ಮಾತು

ಮೆಣಸಿನಕಾಯಿಗೆ ಬದಲು ಕಾಳುಮೆಣಸು ಎಂದು ಹೇಳುವುದು ಸುಲಭ. ಆದರೆ ಒಣಮೆಣಸಿನಕಾಯಿಯನ್ನು ಒಗ್ಗರಣೆಗೆ ಹಾಕಿದಂತೆ ಮೆಣಸನ್ನು ಹಾಕಿ ಕುದಿಸಿದರೆ ಅದರ ಪರಿಮಳ ಹಾರಿಹೋಗಿ ಬರಿಯ ಕಟುತ್ವ ಉಳಿಯುತ್ತದೆ. ಮೆಣಸನ್ನು ತುಸು ಬೆಚ್ಚಗೆ ಮಾಡಿ, ಆಗಿಂದಾಗ ಕುಟ್ಟಿ, ಅಡುಗೆ ಇಳಿಸುವ ಮುನ್ನ ಸೇರಿಸಬೇಕು. ನಮ್ಮ ಮನೆಯಲ್ಲಿ ಎಂಟು ಬ್ಯಾಡಗಿ ಮೆಣಸಿನಕಾಯಿ ಹಾಕುತ್ತಿದ್ದ ಕಡೆ ಈಗ ಒಂದೂವರೆ ಸಣ್ಣ ಚಮಚೆ ಮೆಣಸು, ಒಂದು ಅಂಗುಲ ಹಸಿಶುಂಠಿ ಸಾಕಾಗುತ್ತವೆ. ಮೆಣಸಿನ ಖಾರ ಗಂಟಲಿನಲ್ಲಿ ತಗಲುತ್ತದೆ, ಶುಂಠಿಯದು ನಾಲಿಗೆಯ ಮೇಲೆ; ಎರಡೂ ಸೇರಿದರೆ ಮೆಣಸಿನಕಾಯಿಯ ನೆನಪು ಹೆಚ್ಚು ಕಾಡುವುದಿಲ್ಲ. ಸಾಸಿವೆಯ ಖಾರದ ಗುಣವೇ ಬೇರೆ. ತಣ್ಣೀರಿನಲ್ಲಿ ಅರೆದಾಗ ಅದು ಏರುತ್ತದೆ, ಕಾಯಿಸಿದರೆ ಇಳಿಯುತ್ತದೆ. ಆದುದರಿಂದ ಸೌತೆಕಾಯಿಯ ಮೊಸರು ಪಚಡಿಯಂತಹ, ಒಲೆಗೆ ಏರದ ಪದಾರ್ಥಗಳಿಗೆ ಹಸಿಯ ಸಾಸಿವೆಯನ್ನು ಅರೆದು ಹಾಕಬೇಕು.

ಸಾರಿನ ಪುಡಿಗೆ ನಾವು ಕಂಡುಕೊಂಡ ಅಳತೆ ಇದು: ಒಂದು ಬಟ್ಟಲು ಕೊತ್ತಂಬರಿ ಬೀಜ, ಕಾಲು ಬಟ್ಟಲು ಜೀರಿಗೆ, ಕಾಲು ಬಟ್ಟಲಿಗೆ ತುಸು ಕಡಿಮೆ ಕಾಳುಮೆಣಸು, ಒಂದು ಚಮಚೆ ಮೆಂತ್ಯ, ಒಂದು ಚಮಚೆ ಸಾಸಿವೆ, ಎರಡು ಹಿಡಿ ಕರಿಬೇವು. ಬೇರೆ ಬೇರೆಯಾಗಿ ಹುರಿದು, ಆರಿದ ಮೇಲೆ ಪುಡಿ ಮಾಡಿ ಅರಿಸಿನ, ಇಂಗು ಬೆರೆಸಿಡಬೇಕು. ಬ್ಯಾಡಗಿಯ ಕೆಂಪು ಬಣ್ಣ ಇದರಲ್ಲಿ ಬಾರದು. ಬಣ್ಣ ಬೇಕೇಬೇಕೆನ್ನುವವರು ಬೇಳೆ ಬೇಯಿಸುವಾಗ ಗಜ್ಜರಿಯ ನಾಲ್ಕು ಹೋಳು, ಬೀಟ್‌ರೂಟಿನ ಒಂದು ತೆಳ್ಳನೆಯ ಬಿಲ್ಲೆ ಹಾಕಬಹುದು. ಹೆಚ್ಚಾದರೆ ಸಾರು ಕುಂಕುಮದ ನೀರಿನಂತಾಗುತ್ತದೆ, ಎಚ್ಚರ.

ಅತ್ತೆಯವರ “ಏನರ ಖಾರಂದು” ಎಂಬ ಬೇಡಿಕೆ ಪೂರೈಸಿದ್ದು ಚಟ್ನಿಪುಡಿಗಳು. ಶೇಂಗಾ, ಗುರೆಳ್ಳು, ಅಗಸೆ ಇವುಗಳಲ್ಲಿ ಯಾವುದನ್ನಾದರೂ ಒಂದು ಬಟ್ಟಲು ಹುರಿದುಕೊಂಡು, ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚೆ ಜೀರಿಗೆ, ಎರಡು ಚಮಚೆ ಕುಟ್ಟಿದ ಮೆಣಸು, ಉಪ್ಪು, ಚಿಟಿಕೆ ಬೆಲ್ಲ ಸೇರಿಸಿ ಒರಳಿನಲ್ಲಿ ಕುಟ್ಟಿದರೆ ರೊಟ್ಟಿಗೂ ಮೊಸರಿಗೂ ಒಗ್ಗುತ್ತದೆ. ಗುರೆಳ್ಳಿನ ಪುಡಿಗೆ ಮೆಣಸು ಎಷ್ಟು ಹೊಂದುತ್ತದೆಂದರೆ, ನಮ್ಮಲ್ಲಿ ಈಗ ಮೆಣಸಿನಕಾಯಿ ಆಗಿಬರುವವರೂ ಅದನ್ನೇ ಕೇಳುತ್ತಾರೆ. ರಂಜಕಕ್ಕೆ ಮಾತ್ರ ಬದಲು ಸಿಗಲಿಲ್ಲ. ಶುಂಠಿ, ಹುಣಸೆ, ಬೆಲ್ಲಗಳ ಗೊಜ್ಜು ಚೆನ್ನಾಗಿಯೇ ಆಯಿತು, ಆದರೆ ಅದು ರಂಜಕವಲ್ಲ. ಅಲ್ಲದ್ದನ್ನು ಹೌದೆಂದು ಹೇಳಬಾರದು.

ಹುಳಿ, ಗಟ್ಟಿತನ, ಬಣ್ಣ

ಟೊಮೆಟೊ ಬಿಡುವಾಗ ಅದು ಅಡುಗೆಗೆ ಏನು ಕೊಡುತ್ತಿತ್ತೆಂದು ಯೋಚಿಸಬೇಕು. ಹುಳಿಯೊಂದೇ ಆಗಿದ್ದರೆ ಹುಣಸೆ ಸಾಕಾಗಿತ್ತು. ಆದರೆ ಅದು ರಸಕ್ಕೆ ಗಟ್ಟಿತನವನ್ನೂ ಕೆಂಪನ್ನೂ ತುಸು ಸಿಹಿಯನ್ನೂ ಕೊಡುತ್ತದೆ. ಸಾರಿಗೆ ಬೇಕಾದದ್ದು ಬರಿಯ ಹುಳಿ. ಅಲ್ಲಿ ಹುಣಸೆ, ಬೇಸಿಗೆಯಲ್ಲಿ ಮಾವಿನಕಾಯಿ, ಮಳೆಗಾಲದಲ್ಲಿ ಅಮಟೆಕಾಯಿ, ಮಲೆನಾಡಿನ ನೆಂಟರು ತಂದುಕೊಟ್ಟರೆ ಮುರುಗಲು. ಬೇಳೆಗೆ ಪುಂಡಿಸೊಪ್ಪು ಹಾಕಿದರಂತೂ ಬೇರೆ ಹುಳಿಯೇ ಬೇಡ. ಚಪಾತಿಗೆ ಮಾಡುವ ದಪ್ಪ ರಸದ ಪಲ್ಯಗಳಿಗೆ ಎರಡು ಪಾಲು ಸಿಹಿಗುಂಬಳ, ಒಂದು ಪಾಲು ಗಜ್ಜರಿಯನ್ನು ಮೆತ್ತಗೆ ಬೇಯಿಸಿ, ಬೀಟ್‌ರೂಟಿನ ಸಣ್ಣ ತುಂಡು ಸೇರಿಸಿ ಅರೆದು, ಹುರಿದ ಉಳ್ಳಾಗಡ್ಡಿಯೊಡನೆ ಹುಣಸೆರಸ ಹಾಕಿ ಕುದಿಸಬೇಕು. ನಮ್ಮ ಮನೆಗೆ ಬಂದ ಅತಿಥಿಗಳು ಇದರಲ್ಲಿ ಟೊಮೆಟೊ ಇಲ್ಲವೆಂದರೆ ನಂಬಲಿಲ್ಲ.

ಆಲೂಗಡ್ಡೆಯ ಸ್ಥಾನದಲ್ಲಿ ನನ್ನ ಆಯ್ಕೆ ಬಾಳೆಕಾಯಿ. ಸಿಪ್ಪೆಯೊಡನೆ ಹತ್ತು ಹನ್ನೆರಡು ನಿಮಿಷ ಬೇಯಿಸಿ, ಸಿಪ್ಪೆ ಸುಲಿದು, ಕೈಯಲ್ಲಿ ಪುಡಿ ಮಾಡಿ ಉಳ್ಳಾಗಡ್ಡಿ, ಶುಂಠಿ, ಅರಿಸಿನದ ಒಗ್ಗರಣೆಗೆ ಹಾಕಿ ನಿಂಬೆರಸ ಹಿಂಡಿದರೆ ದೋಸೆಯ ಪಲ್ಯ ಸಿದ್ಧ. ಗೆಣಸು ಸಿಹಿಯಾದ್ದರಿಂದ ಪಲ್ಯಕ್ಕಿಂತ ಬಜ್ಜಿಗೆ ಮೇಲು. ಕೆಸುವಿನ ಗಡ್ಡೆ ಅಂಟಾಗುತ್ತದೆ, ಹುರಿದರೆ ಮಾತ್ರ ಚೆಂದ. ಸುವರ್ಣಗಡ್ಡೆಯನ್ನು ಹುಣಸೆನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲದಿದ್ದರೆ ಬಾಯಿ ತುರಿಸೀತು. ಮೊದಲೇ ತುರಿಕೆಯಿಂದ ನೊಂದವರ ಮನೆಯಲ್ಲಿ ಇದನ್ನು ಮರೆಯಬಾರದು.

ಇನ್ನು ಎಣ್ಣೆಗಾಯಿ. ನಮ್ಮ ಮನೆಯ ನಿಜವಾದ ಪರೀಕ್ಷೆ ಇದೇ ಆಗಿತ್ತು. ಮೊದಲು ಹೀರೆಕಾಯಿಯಲ್ಲಿ ಮಾಡಿದೆ; ಅದು ನೀರು ಬಿಟ್ಟು ತುಂಬಿದ ಹೂರಣವೆಲ್ಲ ಹೊರಬಂದು ಗೊಜ್ಜಾಯಿತು. ಹಾಗಲಕಾಯಿ ಸೊಗಸಾಯಿತು, ಮಕ್ಕಳು ಮುಟ್ಟಲಿಲ್ಲ. ಸೀಮೆಬದನೆ ಆಕಾರ ಉಳಿಸಿಕೊಂಡಿತು, ರುಚಿ ಹೀರಿಕೊಳ್ಳಲಿಲ್ಲ. ಅದು ವಾಂಗೀಭಾತಿಗೆ ಸರಿ, ಎಣ್ಣೆಗಾಯಿಗೆ ಅಲ್ಲ. ಕೊನೆಗೆ ಗೆದ್ದದ್ದು ತೊಂಡೆಕಾಯಿ. ಅರ್ಧ ಕಿಲೋ ಎಳೆಯ, ದಪ್ಪನೆಯ ತೊಂಡೆಕಾಯಿಗಳನ್ನು ತೊಟ್ಟಿನ ಕಡೆ ಬಿಟ್ಟು ನಾಲ್ಕಾಗಿ ಸೀಳಿ, ಉಪ್ಪು ನೀರಿನಲ್ಲಿ ಅರೆಬೇಯಿಸಿ ಬಸಿಯಬೇಕು. ಅರ್ಧ ಬಟ್ಟಲು ಹುರಿದ ಶೇಂಗಾ, ಎರಡು ದೊಡ್ಡ ಚಮಚೆ ಎಳ್ಳು, ಒಂದು ಚಮಚೆ ಗುರೆಳ್ಳು, ಎರಡು ದೊಡ್ಡ ಚಮಚೆ ಒಣಕೊಬ್ಬರಿ, ಒಂದು ಚಮಚೆ ಕೊತ್ತಂಬರಿ ಬೀಜ, ಅರ್ಧ ಚಮಚೆ ಜೀರಿಗೆ, ಒಂದೂವರೆ ಸಣ್ಣ ಚಮಚೆ ಮೆಣಸು ಇವನ್ನು ಹುರಿದು, ಆರು ಎಸಳು ಬೆಳ್ಳುಳ್ಳಿ, ಒಂದು ಅಂಗುಲ ಶುಂಠಿ, ನಿಂಬೆಗಾತ್ರದ ಹುಣಸೆಹಣ್ಣಿನ ಗಟ್ಟಿ ರಸ, ಎರಡು ದೊಡ್ಡ ಚಮಚೆ ಬೆಲ್ಲ, ಉಪ್ಪಿನೊಡನೆ ತರಿಯಾಗಿ ಅರೆದು ಕಾಯಿಗಳಿಗೆ ತುಂಬಬೇಕು. ಎಣ್ಣೆಯಲ್ಲಿ ಜಿಪುಣತನ ಸಲ್ಲದು. ಸಾಸಿವೆ, ಕರಿಬೇವಿನ ಒಗ್ಗರಣೆಯಲ್ಲಿ ಕಾಯಿಗಳನ್ನು ಹರಡಿ, ಉಳಿದ ಹೂರಣವನ್ನು ಅರ್ಧ ಬಟ್ಟಲು ನೀರಿನಲ್ಲಿ ಕದಡಿ ಹಾಕಿ, ಮುಚ್ಚಿ, ಎಣ್ಣೆ ಮೇಲೆ ತೇಲುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಮರುದಿನ ಇದರ ರುಚಿ ಇಮ್ಮಡಿ.

ಕಣ್ಣಿಗೆ ಕಾಣದ ಬಂಧುಗಳು

ಮನೆಯ ಅಡುಗೆ ತಿದ್ದಿದ ಮೇಲೂ ಒಂದೆರಡು ಸಲ ಸೊಸೆಯ ತುಟಿ ತುರಿಸಿತು. ಹುಡುಕಿದಾಗ ಸಿಕ್ಕವು: ಅಂಗಡಿಯ ಗರಂ ಮಸಾಲೆ, ಚುರುಮುರಿಯ ಮೇಲಿನ ಸೇವು, ಮಾವಿನಕಾಯಿಯ ಉಪ್ಪಿನಕಾಯಿ. ಎಲ್ಲದರಲ್ಲಿಯೂ ಮೆಣಸಿನಪುಡಿ. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ಆಮೇಲೆ ಬಂತು. ಶಕ್ತಿಗೆಂದು ತೆಗೆದುಕೊಳ್ಳುವ ಅಶ್ವಗಂಧವೂ ಇದೇ ಕುಟುಂಬದ ಗಿಡವಾದ್ದರಿಂದ ಲೇಹ್ಯ, ಚೂರ್ಣಗಳನ್ನೂ ವೈದ್ಯರಿಗೆ ತೋರಿಸದೆ ಕೊಡಬಾರದು. ಮದುವೆ, ಗೃಹಪ್ರವೇಶಗಳಿಗೆ ಹೋಗುವಾಗ ನಮ್ಮ ಸೊಸೆಯ ಕೈಚೀಲದಲ್ಲಿ ಗುರೆಳ್ಳು ಪುಡಿಯ ಚಿಕ್ಕ ಡಬ್ಬಿ ಇರುತ್ತದೆ. ಬಡಿಸುವವರಿಗೆ ಮೊದಲೇ, “ನನಗ ಅನ್ನ, ಮೊಸರು, ಹೋಳಿಗಿ ಸಾಕ್ರಿ, ಉಳದದ್ದು ಎಡಿಗೆ ಹಾಕಬ್ಯಾಡ್ರಿ” ಎಂದು ಹೇಳಲು ಅವಳಿಗೆ ಈಗ ಸಂಕೋಚವಿಲ್ಲ. ಬಡಿಸಿಕೊಂಡು ಬಿಡುವುದಕ್ಕಿಂತ ಬಡಿಸಿಕೊಳ್ಳದಿರುವುದೇ ಪ್ರಸಾದಕ್ಕೆ ಗೌರವವಲ್ಲವೆ?

ಒಂದು ಮಾತು ಸ್ಪಷ್ಟವಾಗಬೇಕು. ಈ ತರಕಾರಿಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಬಹುಪಾಲು ಜನರಿಗೆ ಇವು ಒಳ್ಳೆಯ ಆಹಾರವೇ. ಬದನೆ, ಟೊಮೆಟೊ ಬಿಟ್ಟರೆ ಕೀಲುನೋವು ಹೋಗುತ್ತದೆಂದು ಕೆಲವರು ಹೇಳುವುದುಂಟು. ಎಲ್ಲರಿಗೂ ಅನ್ವಯಿಸುವಂತೆ ವೈದ್ಯಶಾಸ್ತ್ರ ಅದನ್ನು ಸಿದ್ಧಪಡಿಸಿಲ್ಲ. ಆಗಿಬರದವರು ಮಾತ್ರ, ಅದೂ ವೈದ್ಯರನ್ನು ಕೇಳಿ, ಬಿಡಬೇಕು. ಮೂತ್ರಪಿಂಡದ ತೊಂದರೆಯಿರುವವರಿಗೆ ಬಾಳೆಕಾಯಿ, ಸುವರ್ಣಗಡ್ಡೆಗಳ ಪೊಟ್ಯಾಸಿಯಂ ಅಂಶವೇ ಹೆಚ್ಚಾದೀತು. ಹೊಟ್ಟೆಯ ಉರಿಯಿರುವವರಿಗೆ ಕಾಳುಮೆಣಸೂ ಒಗ್ಗದಿರಬಹುದು. ಟೊಮೆಟೊ, ಹಸಿಮೆಣಸಿನಕಾಯಿ ಬಿಟ್ಟವರು ಸಿ ಜೀವಸತ್ವಕ್ಕಾಗಿ ನೆಲ್ಲಿಕಾಯಿ, ಪೇರಲ, ನಿಂಬೆಗಳನ್ನು ತಪ್ಪಿಸಬಾರದು. ಹಸಿರು ತಿರುಗಿದ, ಮೊಳಕೆಯೊಡೆದ ಆಲೂಗಡ್ಡೆಯಲ್ಲಿ ಸೊಲನೈನ್ ಎಂಬ ವಿಷಾಂಶ ಹೆಚ್ಚುವುದರಿಂದ ಅದನ್ನು ಯಾರೂ ತಿನ್ನಬಾರದು. ತಿಂದ ಕೂಡಲೇ ತುಟಿ, ನಾಲಿಗೆ ಊದಿ ಉಸಿರಾಟ ಕಷ್ಟವಾದರೆ ಮನೆಮದ್ದು ಹುಡುಕುತ್ತ ಕೂಡದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಆರು ವಾರಗಳ ನಂತರದ ಪರೀಕ್ಷೆಯಲ್ಲಿ ನಮ್ಮ ಸೊಸೆಗೆ ಆಲೂಗಡ್ಡೆ ನಿರಪಾಯವೆಂದು ತಿಳಿಯಿತು. ಅವಳ ಸಂತೋಷ ಹೇಳತೀರದು. ಬದನೆ, ಟೊಮೆಟೊ, ಮೆಣಸಿನಕಾಯಿ ಇಂದಿಗೂ ಇಲ್ಲ.

ಕಳೆದ ಎಳ್ಳು ಅಮಾವಾಸ್ಯೆಗೆ ಹೊಲದಲ್ಲಿ ಎರಡು ಬೋಗುಣಿಗಳಲ್ಲಿ ಎಣ್ಣೆಗಾಯಿ ಇತ್ತು. ದೊಡ್ಡದರಲ್ಲಿ ತೊಂಡೆಕಾಯಿ, ಚಿಕ್ಕದರಲ್ಲಿ ಬದನೆಕಾಯಿ. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೊಸೆ ಎಲ್ಲರ ನಡುವೆ ಕುಳಿತು ಉಂಡಳು. ಅತ್ತೆಯವರು ಎರಡೂ ಬೋಗುಣಿಗಳಿಂದ ಹಾಕಿಸಿಕೊಂಡರು. ಅರ್ಧ ಊಟವಾದ ಮೇಲೆ ತೊಂಡೆಕಾಯಿಯದನ್ನು ಇನ್ನೊಮ್ಮೆ ಕೇಳಿ, ನನ್ನತ್ತ ತಿರುಗಿ, “ಹುಳಿ ಮುಂದಾಗೇತಿ ನೋಡು, ಇನ್ನೊಂದು ಚಮಚಾ ಬೆಲ್ಲಾ ಬೇಕಾಗಿತ್ತು” ಎಂದರು. ಮೇಲಿನ ಅಳತೆಯಲ್ಲಿ ಬೆಲ್ಲ ಎರಡು ದೊಡ್ಡ ಚಮಚೆ ಎಂದು ಬರೆದಿರುವುದು ಅವರ ತಿದ್ದುಪಡಿಯ ನಂತರ.